ಐದನೇ ಮಹಡಿಯ ಬಾಗಿಲು

ಈ ಪ್ರಕರಣವನ್ನು ಬರೆಯಬಾರದೆಂದೇ ಇದ್ದೆ. ಚಿಕ್ಕಮ್ಮ ಬಗೆಹರಿಸಿದ ಬೇರೆಲ್ಲ ಪ್ರಕರಣಗಳಲ್ಲೂ ನಾನು ಅವಳ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತವನು. ಇದೊಂದರಲ್ಲಿ ಮಾತ್ರ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಆದರೂ ಬರೆಯುತ್ತಿದ್ದೇನೆ. ಮುಚ್ಚಿಟ್ಟರೆ ಆಗಲೇ ಹೇಳಿದ ಸುಳ್ಳುಗಳ ಜೊತೆಗೆ ಮತ್ತೊಂದು ಸೇರುತ್ತದೆ, ಅಷ್ಟೇ.

ಚಿಕ್ಕಮ್ಮ ಮೂವತ್ತು ವರ್ಷ ಬಸ್ ಸಂಸ್ಥೆಯ ದೂರು ವಿಭಾಗದಲ್ಲಿ ಕೂತು ನಿವೃತ್ತಳಾದವಳು. ನಾನು ಅವಳ ಅಕ್ಕನ ಮಗ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ನನ್ನ ಕೆಲಸ, ಅವಳ ಮನೆಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ನಮ್ಮ ಬೀದಿಯಲ್ಲಿ ಯಾರದ್ದೇನು ಕಳೆದರೂ ಪೊಲೀಸರಿಗಿಂತ ಮೊದಲು ಅವಳ ಬಳಿ ಬರುತ್ತಾರೆ.

ಆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಬಂದವಳು ತಂಗ್ಯಮ್ಮ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ, ಇಪ್ಪತ್ತೈದು ವರ್ಷದ ಹುಡುಗಿ. ಅವಳ ಅಣ್ಣ ಹಾಗೆ ಕರೆಯುತ್ತಾನೆಂದು ಬೀದಿಗೆಲ್ಲ ಅವಳು ತಂಗ್ಯಮ್ಮನೇ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು.

"ನನ್ನ ಆಟ ಹೋಯ್ತು ಆಂಟಿ. ಎರಡು ವರ್ಷದ ಕೆಲಸ. ಕಂಪ್ಯೂಟರಲ್ಲೂ ಇಲ್ಲ, ಡ್ರಾಯರಲ್ಲಿಟ್ಟಿದ್ದ ಪೆನ್‌ಡ್ರೈವಲ್ಲೂ ಇಲ್ಲ. ಯಾರೋ ಗುಡಿಸಿ ಒರೆಸಿದ ಹಾಗೆ ಅಳಿಸಿಬಿಟ್ಟಿದ್ದಾರೆ. ನಾಳೆ ಹನ್ನೊಂದಕ್ಕೆ ತೋರಿಸ್ಬೇಕಿತ್ತು."

ತೋರಿಸಬೇಕಾಗಿದ್ದದ್ದು ವಿಡಿಯೋ ಗೇಮ್ ತಯಾರಿಸುವ ಒಂದು ಕಂಪನಿಗೆ. 'ಒಬ್ಬಳೇ ಮಾಡಿ ಮುಗಿಸಿದ ಒಂದು ಆಟ ತಂದು ತೋರಿಸು, ಒಪ್ಪಿಗೆಯಾದರೆ ಕೆಲಸ' ಎಂದಿದ್ದರು. ಇಸ್ತ್ರಿ ಮೇಜು ಬಿಟ್ಟು ತನಗೆ ಇಷ್ಟವಾದ ಕೆಲಸಕ್ಕೆ ಹೋಗಲು ಅವಳಿಗೆ ಸಿಕ್ಕಿದ್ದ ಒಂದೇ ದಾರಿ ಅದು.

"ಆಟ ಎಂಥದ್ದು?" ಚಿಕ್ಕಮ್ಮ ಕೇಳಿದಳು.

"ಪುಟ್ಟದು ಆಂಟಿ, ಕಪ್ಪು ಬಿಳುಪಿನದು. ಒಬ್ಬಳು ಹುಡುಗಿ ಒಂದು ಕಟ್ಟಡದ ಐದು ಮಹಡಿ ಹತ್ತಬೇಕು, ಅಷ್ಟೇ. ನಿನ್ನೆಯದಲ್ಲ, ಅದರ ಹಿಂದಿನ ಭಾನುವಾರದವರೆಗೆ ಯಾರಿಗೂ ತೋರಿಸಿರಲಿಲ್ಲ, ಅಣ್ಣನಿಗೂ. ಆಮೇಲೆ ಕೂಟದವರು ಆಡಲಿ ಅಂತ ಅಣ್ಣನ ಅಂಗಡಿಯ ಹಿಂದಿನ ಕೋಣೆಯ ಕಂಪ್ಯೂಟರಲ್ಲೇ ಬಿಟ್ಟಿದ್ದೆ."

ಕೂಟವೆಂದರೆ ನಮ್ಮದೇ. ತಂಗ್ಯಮ್ಮನ ಅಣ್ಣನಿಗೆ ಟಿವಿ, ರೇಡಿಯೋ, ಗೇಮ್ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿಯಿದೆ. ಅದರ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಹನ್ನೊಂದಕ್ಕೆ ಸೇರಿ, ಯಾರು ಯಾವ ಗೇಮ್ ಆಡುತ್ತಿದ್ದೇವೆ, ಅದು ಹೇಗಿದೆ ಎಂದು ಹರಟುತ್ತಿದ್ದೆವು. ಹಲ್ಲಿನ ಡಾಕ್ಟರು, ನಿವೃತ್ತ ಗಣಿತದ ಟೀಚರಮ್ಮ, ನಾನು, ತಂಗ್ಯಮ್ಮ. ಅಣ್ಣ ಆಡುವವನಲ್ಲ. ನಮ್ಮ ಮಾತು ಕೇಳುತ್ತ ಮೂಲೆಯಲ್ಲಿ ಏನಾದರೂ ಬಿಚ್ಚಿಕೊಂಡು ಕೂತಿರುತ್ತಿದ್ದ. ಕೋಣೆಯ ಬೀಗದ ಕೈ ಎಲ್ಲರ ಬಳಿಯೂ ಇತ್ತು.

"ನಿನ್ನೆ ಅವಳ ಆಟದ ಬಗ್ಗೆ ಯಾರು ಏನಂದ್ರಿ? ಅಕ್ಷರ ಬಿಡದೆ ಹೇಳು," ಎಂದಳು ಚಿಕ್ಕಮ್ಮ ನನ್ನ ಕಡೆ ತಿರುಗಿ.

ಹೇಳಿದೆ. ಡಾಕ್ಟರು, "ಸಂಗೀತ ಕೇಳಿ ಮೈ ಜುಮ್ ಅಂತು" ಎಂದಿದ್ದರು. ಟೀಚರಮ್ಮ, "ಬಣ್ಣಗಳಂತೂ ಕಣ್ಣಿಗೆ ತಂಪು" ಎಂದಿದ್ದರು. ನಾನು, "ಆ ವಿಲನ್ ಎಂಥ ಕಲ್ಲು ಮನಸ್ಸಿನವನಪ್ಪಾ! ಅಂಥವನಿಗೆ ಕ್ಷಮೆಯೇ ಇರಬಾರದು" ಎಂದಿದ್ದೆ. ತಂಗ್ಯಮ್ಮ "ಥ್ಯಾಂಕ್ಸ್" ಎಂದು ತಲೆ ಬಗ್ಗಿಸಿದ್ದಳು. ಅಣ್ಣ ಅರ್ಧ ಕುಡಿದ ಟೀ ಅಲ್ಲೇ ಇಟ್ಟು, ಯಾರೋ ಗಿರಾಕಿ ಬಂದ ಹಾಗಾಯಿತೆಂದು ಅಂಗಡಿಯ ಮುಂಭಾಗಕ್ಕೆ ಹೋಗಿದ್ದ.

"ನೀನು ಆಟ ಪೂರ್ತಿ ಆಡಿದ್ದೆ ತಾನೆ?"

"ಹೂಂ," ಎಂದೆ.

ಚಿಕ್ಕಮ್ಮ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಚೀಲ ತೆಗೆದುಕೊಂಡಳು. ಆ ನೋಟ ನನಗೆ ಹಿಡಿಸಲಿಲ್ಲ.

ಹಿಂದಿನ ಕೋಣೆಯಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಬೀಗ ಒಡೆದಿರಲಿಲ್ಲ. ಗೋಡೆಯ ಮೇಲೆ ತಂಗ್ಯಮ್ಮನ ಕೈಬರಹದಲ್ಲಿ ಕೂಟದ ಏಕೈಕ ನಿಯಮ: 'ಈಗ ಆಡುತ್ತಿರುವುದರ ಬಗ್ಗೆ ಮಾತ್ರ ಮಾತು.' ಚಿಕ್ಕಮ್ಮ ಕಂಪ್ಯೂಟರಿನ ಹಿಂದೆ ಮುಂದೆ ನೋಡಿ, "ಇದಕ್ಕೆ ಸ್ಪೀಕರ್ ಎಲ್ಲಿ?" ಎಂದಳು.

"ಇಲ್ಲ ಆಂಟಿ. ಇರಲೇ ಇಲ್ಲ," ಎಂದಳು ತಂಗ್ಯಮ್ಮ.

ಮೇಜಿನ ಮೇಲೆ ಆ ಆಟಕ್ಕೆಂದೇ ತಂಗ್ಯಮ್ಮ ಮನೆಯಿಂದ ತಂದಿಟ್ಟ ಹಳೆಯ ಕಂಟ್ರೋಲರ್ ಇತ್ತು. ಚಿಕ್ಕಮ್ಮ ಅದರ ನಾಲ್ಕೂ ಗುಂಡಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮೂರು ಜೋತುಬಿದ್ದಿದ್ದವು, ಒಂದು ಮಾತ್ರ ಪುಟಿಯಿತು. ಕಂಟ್ರೋಲರ್ ಬಿಚ್ಚು ಎಂದಳು. ನಾನು ಸ್ಕ್ರೂ ತೆಗೆದೆ. ಮೂರು ಗುಂಡಿಗಳ ಅಡಿಯ ರಬ್ಬರು ಹಳದಿಗಟ್ಟಿತ್ತು, ನಾಲ್ಕನೆಯದರದ್ದು ಹಾಲಿನಷ್ಟು ಬಿಳಿ.

"ಇದನ್ನ ನೀನು ಬದಲಾಯಿಸಿದ್ದಾ?"

"ಇಲ್ಲ," ತಂಗ್ಯಮ್ಮ ಅಚ್ಚರಿಪಟ್ಟಳು. "ಆ ಗುಂಡಿಗೆ ಕೆಲಸವೇ ಕಮ್ಮಿ ಆಂಟಿ. ಐದನೇ ಮಹಡೀಲಿ ಬಾಗಿಲು ಬಡಿಯೋಕೆ ಮಾತ್ರ."

ಸಂಶಯಕ್ಕೆ ಕಾರಣಗಳೇನೋ ಸಿಕ್ಕವು. ಡಾಕ್ಟರ ಸೋದರಳಿಯನೂ ಅದೇ ಕಂಪನಿಗೆ ಅರ್ಜಿ ಹಾಕಿದ್ದ. ಟೀಚರಮ್ಮ ಆ ಕಂಪ್ಯೂಟರಿನಲ್ಲಿ ಮೂರು ತಿಂಗಳು ಬೆಳೆಸಿದ್ದ ಗೇಮಿನ ತೋಟವನ್ನು ತಂಗ್ಯಮ್ಮ ಹೋದ ತಿಂಗಳು ಕೈತಪ್ಪಿ ಅಳಿಸಿಬಿಟ್ಟಿದ್ದಳು. ಅದಕ್ಕಾಗಿ ಇಬ್ಬರ ನಡುವೆ ಎರಡು ವಾರ ಮಾತಿರಲಿಲ್ಲ. ಚಿಕ್ಕಮ್ಮ ಇಬ್ಬರನ್ನೂ ಕಂಡು ಒಂದೇ ಪ್ರಶ್ನೆ ಕೇಳಿದಳು: "ಆ ಆಟದಲ್ಲಿ ಕಿರಿಕಿರಿ ಆಗಿದ್ದು ಏನು?"

"ಛೆ ಛೆ, ಒಂದೇ ಒಂದು ತಪ್ಪಿಲ್ಲ," ಎಂದರು ಡಾಕ್ಟರು, ಯಾರದೋ ಬಾಯಿಯೊಳಗೆ ಕನ್ನಡಿ ಹಿಡಿದುಕೊಂಡೇ. "ನೂರಕ್ಕೆ ನೂರು," ಎಂದರು ಟೀಚರಮ್ಮ. ನನ್ನನ್ನೂ ಕೇಳಿದಳು. ಏನೂ ಇಲ್ಲ ಎಂದೆ.

ಕೊನೆಗೆ ಅಣ್ಣನ ಅಂಗಡಿಗೆ ಮರಳಿದೆವು. ಅವನು ಬೆಸುಗೆ ಹಾಕುತ್ತಿದ್ದ. ಅವನ ಕಣ್ಣು ಕೆಂಪಗಿತ್ತು. ಹೊಗೆಗೆ ಇರಬೇಕೆಂದುಕೊಂಡೆ.

"ನಾನು ರಿಪೇರಿ ಮಾಡೋನು ಅಮ್ಮ, ಆಡೋನಲ್ಲ. ನನ್ನನ್ನ ಕೇಳಿ ಏನುಪಯೋಗ?" ಎಂದ. ಸ್ವಲ್ಪ ಹೊತ್ತಾದ ಮೇಲೆ, ಕೆಲಸದ ಮೇಲಿನ ಕಣ್ಣು ತೆಗೆಯದೆ, "ಆದ್ರೂ ಪಾಪ, ಚೆನ್ನಾಗಿ ಮಾಡಿದ್ದಳು. ದೀಪ ಹಿಡ್ಕೊಂಡಾಗ ಆ ಹುಡುಗಿ ಮೆಟ್ಟಿಲು ಹತ್ತೋದು ಮಾತ್ರ ತೀರಾ ನಿಧಾನ. ಅದೊಂದು ಸರಿ ಹೋಗಿದ್ರೆ ಯಾರೂ ಬೆರಳು ತೋರಿಸೋ ಹಾಗಿರಲಿಲ್ಲ," ಎಂದ.

ಹೊರಗೆ ಬಂದ ಮೇಲೆ ಚಿಕ್ಕಮ್ಮ, "ಸಂಜೆ ಐದಕ್ಕೆ ಎಲ್ಲರನ್ನೂ ಹಿಂದಿನ ಕೋಣೆಗೆ ಕರಿ," ಎಂದಳು. ಅವಳ ದನಿಯಲ್ಲಿ ಕಳ್ಳ ಸಿಕ್ಕಾಗಿನ ಎಂದಿನ ಉತ್ಸಾಹವಿರಲಿಲ್ಲ.

ಐದಕ್ಕೆ ಎಲ್ಲರೂ ಸೇರಿದೆವು. ಟೀಚರಮ್ಮ ಕೈಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದಿದ್ದರು. ಡಾಕ್ಟರು ಗಡಿಯಾರ ನೋಡುತ್ತಿದ್ದರು. ಅಣ್ಣ ಬಾಗಿಲ ಪಕ್ಕ ನಿಂತೇ ಇದ್ದ.

"ಮೂವತ್ತು ವರ್ಷ ದೂರು ಕೇಳಿದ್ದೀನಿ," ಚಿಕ್ಕಮ್ಮ ಶುರು ಮಾಡಿದಳು. "ಬಸ್ ಹತ್ತಿದವರು ಕಿಟಕಿ ಗಾಜು ಏಳಲ್ಲ, ಸೀಟು ಚುಚ್ಚುತ್ತೆ ಅಂತ ಚಿಕ್ಕಚಿಕ್ಕದಕ್ಕೆ ಗೊಣಗ್ತಾರೆ. ಹತ್ತದವರು ಒಟ್ಟಾರೆ ಹೊಗಳ್ತಾರೆ, ಇಲ್ಲಾ ಒಟ್ಟಾರೆ ಬಯ್ತಾರೆ. ಡಾಕ್ಟ್ರೇ, ಈ ಕಂಪ್ಯೂಟರಿಗೆ ಸ್ಪೀಕರೇ ಇಲ್ಲ. ನಿಮಗೆ ಸಂಗೀತ ಎಲ್ಲಿಂದ ಕೇಳಿಸ್ತು? ಟೀಚರೇ, ಆಟ ಕಪ್ಪು ಬಿಳುಪು. ಬಣ್ಣ ಎಲ್ಲಿ ಕಂಡ್ರಿ?"

ಡಾಕ್ಟರು ಗಡಿಯಾರ ನೋಡುವುದನ್ನು ಬಿಟ್ಟರು. ಟೀಚರಮ್ಮನ ಮುಖ ಬಿಳಿಚಿಕೊಂಡಿತು.

"ನನ್ನ ಅಕ್ಕನ ಮಗ ಇನ್ನೂ ಜಾಣ. ಎಲ್ಲ ಗೇಮಲ್ಲೂ ಒಬ್ಬ ವಿಲನ್ ಇರ್ತಾನೆ ಅಂದ್ಕೊಂಡು, ಕಾಣದ ವಿಲನ್‌ಗೆ ಕ್ಷಮೆಯಿಲ್ಲ ಅಂತ ತೀರ್ಪನ್ನೇ ಕೊಟ್ಟ. ಬೆಳಗ್ಗೆ ನನ್ನ ಹತ್ರಾನೂ ಸುಳ್ಳು ಹೇಳಿದ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. "ವಾರವೆಲ್ಲ ನನ್ನದೇ ರೇಸಿಂಗ್ ಗೇಮಲ್ಲಿ ಮುಳುಗಿದ್ದೆ," ಎಂದೆ. "ತಂಗ್ಯಮ್ಮಂಗೆ ಬೇಜಾರಾಗಬಾರ್ದು ಅಂತ..."

"ಇಡೀ ಆಟ ಅಳಿಸಬೇಕಾದ್ರೆ ಅದು ಯಾರಿಗಾದ್ರೂ ಚೆನ್ನಾಗಿ ನಾಟಿರಬೇಕು," ಚಿಕ್ಕಮ್ಮ ನನ್ನ ಮಾತನ್ನು ಅಲ್ಲೇ ತುಂಡರಿಸಿದಳು. "ಈ ಮೂವರಿಗೆ ನಾಟೋ ಮಾತೇ ಇಲ್ಲ, ಇವರು ಆಟಾನ ಮುಟ್ಟೇ ಇಲ್ಲ. ಸೋದರಳಿಯನಿಗೋಸ್ಕರ ಎದುರಾಳಿಯ ಆಟ ಅಳಿಸೋರು ಮೊದಲು ಅದು ಎಷ್ಟು ಚೆನ್ನಾಗಿದೆ ಅಂತ ನೋಡದೇ ಇರ್ತಾರಾ? ಟೀಚರಿಗೆ ಸೇಡು ಬೇಕಿದ್ರೆ ಹೋದ ತಿಂಗಳೇ ತೀರಿಸ್ಕೋತಿದ್ರು. ಹಾಗಾದ್ರೆ ಆಡಿದವರು ಯಾರು? ಯಾರೋ ಐದನೇ ಮಹಡಿ ಮುಟ್ಟಿ, ರಬ್ಬರು ಹರಿಯೋ ತನಕ ಬಾಗಿಲು ಬಡಿದಿದ್ದಾರೆ. ನಾವಾದ್ರೆ ಹರಿದ ಗುಂಡೀನ ಹಾಗೇ ಬಿಟ್ಟು ಹೋಗ್ತೀವಿ. ಕೆಟ್ಟದ್ದನ್ನ ಸರಿ ಮಾಡದೆ ಇಡೋಕೆ ಕೈ ಒಪ್ಪದವನು ಈ ಬೀದೀಲಿ ಒಬ್ಬನೇ. ಆಟ ಆಡೋನಲ್ಲ ಅಂದವನು ದೀಪ, ಮೆಟ್ಟಿಲು ಅಂತ ಗೊಣಗಿದ. ತಂಗಿ ನಮ್ಮೆಲ್ಲರಿಗೂ ಬಿಟ್ಟಿದ್ದ ಆಟದಲ್ಲಿ ಅವನೊಬ್ಬನೇ ನಿಜವಾದ ಪ್ರಯಾಣಿಕ."

ತಂಗ್ಯಮ್ಮ ಎದ್ದು ನಿಂತಳು. "ಅಣ್ಣಾ?"

ಅಣ್ಣ ಗೋಡೆಗೆ ಒರಗಿದ. ಇಲ್ಲವೆನ್ನಲು ಒಂದು ಸಲವೂ ಯತ್ನಿಸಲಿಲ್ಲ.

"ಶನಿವಾರ ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ನೋಡೋಣ ಅಂತ ಕೂತೆ," ಎಂದ. "ಮೇಲೆ ಹೋದ್ರೆ ಅದೇ ಬಾಗಿಲು. ಉದ್ದನೆಯವನೊಬ್ಬ ಒಳಗೆ ಹೋಗಿ ಚಿಲಕ ಹಾಕ್ತಾನೆ. ಹುಡುಗಿ ಹೊರಗೆ. ಅದು ನಾನೇ ಅಂತ ಗೊತ್ತಾಗೋಕೆ ಮುಖ ಬೇಕಾಗಿರಲಿಲ್ಲ."

ಉಳಿದದ್ದನ್ನು ಅವನು ತುಂಡುತುಂಡಾಗಿ ಹೇಳಿದ. ಅವನಿಗೆ ಹದಿನೆಂಟು, ಅವಳಿಗೆ ಎಂಟು. ಅಮ್ಮನಿಗೆ ಅಂಟುವ ಕಾಯಿಲೆ. ಮಗುವನ್ನು ಒಳಗೆ ಬಿಡಬೇಡ ಎಂದು ಅಮ್ಮನೇ ಅವನಿಂದ ಮಾತು ತೆಗೆದುಕೊಂಡಿದ್ದಳು. ಕೊನೆಯ ದಿನ ತಂಗಿ ಬಾಗಿಲು ಬಡಿಯುತ್ತಲೇ ಇದ್ದಳು. ಅವನು ತೆಗೆಯಲಿಲ್ಲ. ಅವಳು ಅಮ್ಮನ ಮುಖ ನೋಡಲಿಲ್ಲ.

"ತೆಗೀಲಿ ಅಂತ ಗುಂಡಿ ಒತ್ತಿದೆ, ಒತ್ತಿದೆ, ಒತ್ತಿದೆ. ಬಾಗಿಲು ಅಲ್ಲಾಡಲಿಲ್ಲ. ರಬ್ಬರು ಹರೀತು. ಹದಿನೇಳು ವರ್ಷ ಇವಳು ಇದನ್ನೇ ಎದೆಯಲ್ಲಿಟ್ಕೊಂಡಿದ್ದಳಲ್ಲ ಅನ್ನಿಸ್ತು. ಆದ್ರೂ ಅಳಿಸಬೇಕು ಅಂದ್ಕೊಂಡಿರಲಿಲ್ಲ, ಅಮ್ಮನಾಣೆ. ಗುಂಡಿ ಸರಿ ಮಾಡಿಟ್ಟು ಸುಮ್ಮನಾದೆ. ಭಾನುವಾರ..." ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸಂಗೀತ, ಬಣ್ಣ ಅಂದಿದ್ದು ಸುಳ್ಳು ಅಂತ ನನಗೂ ಗೊತ್ತಾಯ್ತು. ನೀನು ಮಾತ್ರ ಕೊನೇ ತನಕ ಆಡಿದ್ದೀಯ ಅಂದ್ಕೊಂಡೆ ಕಣಪ್ಪ. ಕಲ್ಲು ಮನಸ್ಸಿನವನು, ಕ್ಷಮೆ ಇರಬಾರದು ಅಂದೆ. ಆಟದ ಕೊನೇಲಿ ಇವಳೇ ಹಾಗೆ ಬರೆದಿದ್ದಾಳೆ ಅಂದ್ಕೊಂಡೆ. ನಾಳೆ ಕಂಪನಿಯವರು ನೋಡ್ತಾರೆ, ಆಮೇಲೆ ಊರೆಲ್ಲ ನೋಡುತ್ತೆ. ಇವತ್ತು ಬೆಳಗ್ಗೆ ಬೇಗ ಬಂದು ಎಲ್ಲ ಒರೆಸಿದೆ. ಒಮ್ಮೆ ನಾನು ಒರೆಸಿದ್ರೆ ಯಾರಿಗೂ ವಾಪಸ್ ತರೋಕಾಗಲ್ಲ. ಒರೆಸಿ ಮುಗಿದ ಮೇಲೆ ಇವಳ ಎರಡು ವರ್ಷ ನೆನಪಾಯ್ತು."

ಚಿಕ್ಕಮ್ಮ ಅಣ್ಣನಿಗೆ ಗೋಡೆಯ ಮೇಲಿನ ನಿಯಮದತ್ತ ಕೈ ತೋರಿಸಿದಳು. "ಇವರು ಮೂವರು ಆಡದೇ ತೀರ್ಪು ಕೊಟ್ರು. ನೀನು ಅರ್ಧ ಆಡಿ ತೀರ್ಪು ಕೊಟ್ಟೆ. ತಂಗ್ಯಮ್ಮ, ಆ ಬಾಗಿಲು ಎಷ್ಟು ಬಡಿದರೂ ಯಾಕೆ ತೆಗೆಯಲಿಲ್ಲ? ನನಗೆ ಗೊತ್ತಾಗದೇ ಉಳಿದಿರೋದು ಅದೊಂದೇ."

ತಂಗ್ಯಮ್ಮ ಅಣ್ಣನನ್ನೇ ನೋಡುತ್ತ ಹೇಳಿದಳು. "ಬಡಿದರೆ ತೆಗೆಯಲ್ಲ ಅಣ್ಣಾ. ಗುಂಡಿಯಿಂದ ಕೈ ತೆಗೀಬೇಕು. ಒಂದು ನಿಮಿಷ ಸುಮ್ಮನಿದ್ರೆ ಹುಡುಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತ್ಕೋತಾಳೆ. ಆಗ ಒಳಗಡೆ ಕಾಣುತ್ತೆ. ಅವನೂ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರ್ತಾನೆ, ಅಳ್ತಾ. ಮಧ್ಯದಲ್ಲಿ ಹಲಗೆ ಮಾತ್ರ. ಆಮೇಲೆ ಬಾಗಿಲು ತಾನಾಗೇ ತೆಗೆಯುತ್ತೆ."

ಅಣ್ಣ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. "ಆವತ್ತು ನಾನು ಹಾಗೇ ಕೂತಿದ್ದೆ. ಯಾರಿಗೂ ಹೇಳಿಲ್ಲ. ನಿನಗೆ ಹೇಗೆ ಗೊತ್ತು?"

"ಬಾಗಿಲ ಕೆಳಗಿನ ಸಂದೀಲಿ ನಿನ್ನ ಅಂಗಿ ಕಾಣ್ತಿತ್ತು. ಅದು ಅಲುಗ್ತಿತ್ತು. ನೀನು ಅಳ್ತಿದ್ದೀಯ ಅಂತ ಗೊತ್ತಾಗಿ ಬಡಿಯೋದು ಬಿಟ್ಟೆ. ಇದನ್ನ ಬಾಯಿಬಿಟ್ಟು ಹೇಳೋಕೆ ನನಗೆ ಬರಲಿಲ್ಲ ಅಣ್ಣಾ. ಅದಕ್ಕೇ ಆಟ ಮಾಡಿದೆ. ಕಂಪನಿ ಆಮೇಲೆ ಬಂತು."

ಅಣ್ಣ ಕುಸಿದು ಕೂತ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ. ಡಾಕ್ಟರು, ಟೀಚರಮ್ಮ ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ಹೊರಟುಹೋದರು.

ಮರುದಿನ ತಂಗ್ಯಮ್ಮ ಬರಿಗೈಯಲ್ಲೇ ಕಂಪನಿಗೆ ಹೋಗಿ ಬಂದಳು. ಮುಗಿದ ಆಟವಿಲ್ಲದೆ ಏನೂ ಮಾಡಲಾಗದು ಎಂದರಂತೆ. ಅವಳು ಈಗಲೂ ಇಸ್ತ್ರಿ ಹಾಕುತ್ತಾಳೆ. ಆ ಆಟವನ್ನು ಮತ್ತೆ ಮಾಡುವ ಮಾತು ಆಡಿಲ್ಲ.

ವಾರದ ನಂತರ ಲಾಂಡ್ರಿಗೆ ಹೋದೆ. ಕೊಡಲು ನನ್ನ ಬಳಿ ಬಟ್ಟೆಯೇನೂ ಇರಲಿಲ್ಲ. "ತಪ್ಪಾಯ್ತು ತಂಗ್ಯಮ್ಮ," ಎಂದೆ. "ನಾನು ಸುಳ್ಳು ಹೇಳಬಾರದಿತ್ತು."

ಅವಳು ಅಂಗಿಯ ತೋಳೊಂದನ್ನು ಮಡಿಸಿ ಅದರ ಮೇಲೆ ಇಸ್ತ್ರಿ ಎಳೆದಳು.

"ಸುಳ್ಳು ಅಂತ ನನಗೆ ಆವತ್ತೇ ಗೊತ್ತಾಗಿತ್ತು. ಅದಕ್ಕಲ್ಲ ಬೇಜಾರು," ಎಂದಳು. "ಒಂದು ವಾರ ಅಲ್ಲೇ ಇತ್ತಲ್ಲ. ಇಡೀ ಆಟ ನಲವತ್ತೇ ನಿಮಿಷದ್ದು."