ಪರದೆಯ ಕೆಳಗಿನ ಎರಡು ಮೊಳ

ಈ ಭೂಮಿಯ ಮೇಲೆ ಆ ಹಿಂದಿ ಸಿನಿಮಾವನ್ನು ನನ್ನಷ್ಟು ಸಲ ನೋಡಿದವರು ಇನ್ನೊಬ್ಬರಿಲ್ಲ. ಅದರ ಹೀರೋ ಕೂಡ ನೋಡಿರಲಾರ. ಹತ್ತು ಸಾವಿರ ಸಲ ಎಂದರೆ ನನ್ನ ಸೋದರಮಾವ ನಗುತ್ತಾನೆ, ನಗಲಿ. ಅವನು ಟಾಕೀಸಿನ ಮ್ಯಾನೇಜರ್ ಮಾತ್ರ, ನಾನು ಆಪರೇಟರ್. ರೀಲು ಓಡಿಸುವ ಕೈ ನನ್ನದು. ನಾನು ಮನಸ್ಸು ಮಾಡಿದರೆ ಮಧ್ಯಾಹ್ನವನ್ನೇ ಕತ್ತಲು ಮಾಡಬಲ್ಲೆ.

ಪ್ರತಿ ಭಾನುವಾರದ ಮ್ಯಾಟಿನಿಗೆ ನಮ್ಮಲ್ಲಿ ಅದೇ ಸಿನಿಮಾ. ಪ್ರತಿ ಭಾನುವಾರ ಹೌಸ್‌ಫುಲ್. ಜನ ಬರುವುದು ಹಾಡಿಗೆ, ಕಣ್ಣೀರಿಗೆ, ಮತ್ತು ಕೊನೆಯಲ್ಲಿ ಹೀರೋನನ್ನು ಬಾಯಿ ತುಂಬ ಬೈಯುವುದಕ್ಕೆ.

ಕೊನೆಯ ದೃಶ್ಯ ಹೀಗಿದೆ. ರೈಲ್ವೆ ಪ್ಲಾಟ್‌ಫಾರಂ. ಹೀರೋ ಹೊರಟು ನಿಂತಿದ್ದಾನೆ. ಹೀರೋಯಿನ್ ಅವನ ಮುಖವನ್ನೇ ನೋಡುತ್ತ, "ರುಕೋಗೇ?" ಅನ್ನುತ್ತಾಳೆ. ನಿಲ್ಲುತ್ತೀಯಾ? ಅಷ್ಟೇ ಪ್ರಶ್ನೆ. ಅವನು ತುಟಿ ಬಿಚ್ಚುವುದಿಲ್ಲ. ರೈಲು ಕೂಗುತ್ತದೆ. ಅವಳ ಕಣ್ಣು ತುಂಬುತ್ತದೆ. ಮುಗಿಯಿತು.

"ಬಾಯಿ ಬಿಡೋ!" ಎಂದು ಇಡೀ ಹಾಲ್ ಅರಚುತ್ತದೆ. ಅರಚುವವರ ಮುಂದಾಳು ನಮ್ಮ ಹಲ್ಲಿನ ಡಾಕ್ಟರು. "ನನ್ನ ಕುರ್ಚಿ ಮೇಲೆ ಕೂರಿಸಿ ಅವನನ್ನ, ಎರಡೇ ನಿಮಿಷ!"

ಮೂರನೇ ಸಾಲಿನ ಮೂಲೆ ಸೀಟಿನಲ್ಲಿ ಕೂರುವ ಟೈಲರಮ್ಮ ಮಾತ್ರ ಅರಚುವುದಿಲ್ಲ. ಟಾಕೀಸಿನ ಎದುರಿಗೇ ಅವಳ ಅಂಗಡಿ. ಕತ್ತಿನಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಗುರುತು ಹಾಕುವ ಪೆನ್ಸಿಲ್ಲು. ಅವಳು ಬರೀ "ಚ್" ಅನ್ನುತ್ತಾಳೆ. ಮುನ್ನೂರು ಜನರ ಗದ್ದಲ ದಾಟಿ, ಕ್ಯಾಬಿನ್ನಿನ ಗೋಡೆ ತೂರಿ, ಆ ಒಂದು "ಚ್" ನನ್ನ ಎದೆಗೆ ನಾಟುತ್ತದೆ.

ಪ್ರತಿ ವಾರ ಮೆಟ್ಟಿಲ ಬುಡದಲ್ಲಿ ನಮ್ಮಿಬ್ಬರ ಯುದ್ಧ.

"ಆಪರೇಟರೇ, ನಿಮ್ಮ ಹೀರೋ ಈ ವಾರವೂ ಮೂಗನೇ."

"ಟೈಲರಮ್ಮ, ಅವನು ಎಷ್ಟು ಸ್ಪಷ್ಟವಾಗಿ ಹೇಳಿದ್ದಾನೆ ಗೊತ್ತಾ? ನೋಡೋ ಕಣ್ಣಿರಬೇಕು."

"ಸೂಜಿಗೆ ಕತ್ತಲಲ್ಲೇ ದಾರ ಪೋಣಿಸ್ತೀನಿ ನಾನು. ನನ್ನ ಕಣ್ಣಿಗೇನಾಗಿದೆ?" ಎಂದು ಅವಳು ಆ ಕಣ್ಣುಗಳನ್ನು ನನ್ನತ್ತ ಎತ್ತುತ್ತಿದ್ದಳು. ಅಯ್ಯೋ, ಆ ಕಣ್ಣುಗಳು! ನನ್ನ ಪ್ರೊಜೆಕ್ಟರಿನ ಬಲ್ಬು ಅವುಗಳ ಮುಂದೆ ಮಿಣುಕು ದೀಪ. "ಅದಿರಲಿ, ನಿಮ್ಮ ಟಾಕೀಸಲ್ಲಿ ಯಾವತ್ತಾದರೂ ಆಟ ಸಮಯಕ್ಕೆ ಸರಿಯಾಗಿ ಶುರುವಾಗಿದ್ದುಂಟಾ? ಇವತ್ತೂ ಏಳು ನಿಮಿಷ ಲೇಟು. ಸೋಮಾರಿಗಳು!"

ಊರಿಗೆಲ್ಲ ಉತ್ತರ ಕೊಡುವ ನಾನು ಅದಕ್ಕೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ.

ಒಂದು ಗುರುವಾರ ಪರದೆ ಹರಿಯಿತು. ಕೆಳಗಡೆ ಹಳೆಯದೊಂದು ಹರಕು ಮೊದಲೇ ಇತ್ತು. ಅದನ್ನು ಮುಚ್ಚಲು, ನಾನು ಕೆಲಸಕ್ಕೆ ಸೇರುವ ಮುಂಚೆಯೇ, ಮಾವ ಪರದೆಯ ಬುಡಕ್ಕೆ ಎರಡು ಮೊಳದ ಕಪ್ಪು ಬಟ್ಟೆ ಕಟ್ಟಿಸಿದ್ದ. ಈಗ ಕಪ್ಪು ಬಟ್ಟೆಯನ್ನೂ ದಾಟಿ ಹರಕು ಮೇಲಕ್ಕೆ ಹತ್ತಿತು. ಮಾವ ಟೈಲರಮ್ಮನನ್ನು ಕರೆಸಿದ.

ಶನಿವಾರ ಬೆಳಗ್ಗೆ ಅವಳು ಬಂದಳು. ಪರದೆ ಹೊಲಿಯುವುದು ಒಬ್ಬರ ಕೆಲಸವಲ್ಲ. ಮುಂದಿನಿಂದ ಒಬ್ಬರು ಸೂಜಿ ಚುಚ್ಚಬೇಕು, ಹಿಂದಿನಿಂದ ಇನ್ನೊಬ್ಬರು ಅದನ್ನು ಎಳೆದು ವಾಪಸ್ಸು ಚುಚ್ಚಬೇಕು. ಹಿಂದೆ ನಿಂತವನು ನಾನು. ನಡುವೆ ಬಿಳಿ ಪರದೆ. ಅವಳು ಕಾಣುವುದಿಲ್ಲ, ಅವಳ ನೆರಳು ಮಾತ್ರ. ಸೂಜಿ ಅವಳ ಬೆರಳಿನ ಬಿಸಿ ಹೊತ್ತು ಬರುತ್ತಿತ್ತು. ಸುಳ್ಳಲ್ಲ, ನನ್ನ ಹೆಬ್ಬೆರಳು ಇವತ್ತಿಗೂ ಬೆಚ್ಚಗಿದೆ.

"ಆಪರೇಟರೇ," ಎಂದಿತು ನೆರಳು. "ಅಕ್ಕ ತನ್ನ ಊರಲ್ಲಿ ದೊಡ್ಡ ಅಂಗಡಿ ಹಾಕಿದ್ದಾಳೆ. ಬಂದುಬಿಡು ಅಂತಾಳೆ. ಸೋಮವಾರ ಹೊರಡೋಣ ಅಂತಿದ್ದೀನಿ."

ಸೂಜಿ ಬಂತು. ನಾನು ಎಳೆದೆ.

"ಹೋಗಲಾ?"

ಕಲ್ಲನ್ನೂ ಮಾತಾಡಿಸುವವನು ನಾನು. ಗಂಟಲಿನಲ್ಲಿ ಒಂದಲ್ಲ, ಸಾವಿರ ಮಾತು ಒಟ್ಟಿಗೆ ನುಗ್ಗಿ ಬಾಗಿಲಲ್ಲೇ ಸಿಕ್ಕಿಕೊಂಡವು. ಸೂಜಿಯನ್ನು ವಾಪಸ್ಸು ಚುಚ್ಚಿದೆ. ಅಷ್ಟೇ ಆಯಿತು ನನ್ನಿಂದ.

ಆ ಕಡೆ ಅವಳು ಸೂಜಿ ಎಳೆದುಕೊಂಡಳು. ಆಮೇಲೆ, "ಬರೀ ಸೂಜಿ ಬಂತು," ಎಂದಳು. "ಸರಿಹೋಯ್ತು. ನಿಮ್ಮ ಹೀರೋಗೆ ತಕ್ಕ ವಕೀಲರು ನೀವು."

ಕೊನೆಯ ಗಂಟು ಹಾಕಿ ದಾರ ಕಚ್ಚಿದಳು. ಹರಕು ಇದ್ದ ಗುರುತೇ ಇಲ್ಲ. ಹೋಗುವಾಗ ಮಾವನಿಗೆ ಹೇಳಿದಳು: "ಇನ್ನು ಆ ಕಪ್ಪು ಬಟ್ಟೆ ಯಾಕೆ? ಬಿಚ್ಚಿಸಿ."

ಭಾನುವಾರ. ಮಾವ ಮೂರು ಸಲ ಬೆಲ್ ಒತ್ತಿದ. ಜನ ಶಿಳ್ಳೆ ಹಾಕಿದರು. ಮೂರನೇ ಸಾಲಿನ ಮೂಲೆ ಸೀಟು ಖಾಲಿ. ಐದು ನಿಮಿಷ. ಏಳು. ಹತ್ತು. "ಸತ್ತೆಯೇನೋ ಮೇಲೆ?" ಎಂದು ಮಾವ ಕೆಳಗಿನಿಂದ ಕೂಗಿದ. ಹನ್ನೊಂದನೇ ನಿಮಿಷಕ್ಕೆ ಅವಳು ಬಂದು ಕೂತಳು. ಆಟ ಶುರು.

ಕೊನೆಯ ರೀಲು ಓಡುವಾಗ ನಾನು ಕ್ಯಾಬಿನ್ನಿನ ಕಿಂಡಿಯಲ್ಲಿ ಇಣುಕುವವನಲ್ಲ. ಹಿಂದಿನ ರೀಲು ಸುತ್ತಬೇಕು. ಇಣುಕುವ ಅಗತ್ಯವೂ ಇಲ್ಲ. ಆ ಜಾಗದಲ್ಲೇ ಫಿಲ್ಮು ಎಷ್ಟೋ ಸಲ ತುಂಡಾಗಿ, ಬಲ್ಬಿಗೆ ಹಿಡಿದು ಅಂಟಿಸಿದವನು ನಾನು. ಒಂದೊಂದು ಚಿತ್ರವೂ ಬಾಯಿಪಾಠ.

"ರುಕೋಗೇ?" ಅಂದಳು ಹೀರೋಯಿನ್. ಅರಚಾಟಕ್ಕೆ ಕಾದೆ.

ಅರಚಾಟವಿಲ್ಲ.

ಓಡಿಬಂದು ಕಿಂಡಿಗೆ ಮುಖ ಇಟ್ಟೆ. ಪರದೆಯ ಬುಡದಲ್ಲಿ, ಇಷ್ಟು ವರ್ಷ ಕಪ್ಪು ಬಟ್ಟೆ ಇದ್ದ ಜಾಗದಲ್ಲಿ, ಹೀರೋನ ಎರಡು ಕೈ. ಕೈಯಲ್ಲಿ ರೈಲಿನ ಟಿಕೆಟ್. ಅವಳ ಕಣ್ಣು ಅವನ ಮುಖದ ಮೇಲಿದ್ದ ಹಾಗೇ ಆ ಕೈಗಳು ಟಿಕೆಟನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಎರಡಾಗಿ ಹರಿದವು.

ಅಂಗೈಯಲ್ಲಿ ಹಿಡಿದು ನಾನು ಸಾವಿರ ಸಲ ನೋಡಿದ್ದ ಉತ್ತರವನ್ನು ಊರು ಒಮ್ಮೆಯೂ ನೋಡಿರಲಿಲ್ಲ! ಕಪ್ಪು ಬಟ್ಟೆ ನುಂಗಿದ್ದನ್ನು ನೋಡುವ ಕಣ್ಣಿಲ್ಲವೆಂದು ನಾನು ಊರನ್ನೇ ಬೈದಿದ್ದೆ.

ಮೊದಲು ಚಪ್ಪಾಳೆ ತಟ್ಟಿದವರು ಹಲ್ಲಿನ ಡಾಕ್ಟರು. ಆಮೇಲೆ ಸೂರು ಹಾರಿಹೋಯಿತು ಅನ್ನಿ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಕಿತ್ತು ಕಿಂಡಿಯಿಂದ ಹಾಲಿಗೆ ಬಿತ್ತು.

ಗುಂಡಿ ಹಿಡಿದುಕೊಂಡು ಕ್ಯಾಬಿನ್ನಿಗೆ ಹತ್ತಿ ಬಂದವಳು ಅವಳೇ.

"ನೋಡಿದಿರಾ?" ಎಂದೆ. "ಈಗೇನಂತೀರಿ? ಮೂಗನೇ ಅವನು?"

"ನೋಡಿದೆ. ನೀವು ಹೇಳಿದ್ದು ನಿಜ, ಒಪ್ಪಿದೆ." ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟಳು. "ಆದರೂ ಬಾಯಿ ಬಿಡಬೇಕಿತ್ತು."

"ಟಿಕೆಟ್ಟೇ ಹರಿದನಲ್ಲ!"

"ಆ ಹುಡುಗಿ ನೋಡ್ತಿದ್ದದ್ದು ಅವನ ಮುಖಾನ, ಆಪರೇಟರೇ. ಅವಳ ಪಾಲಿಗೂ ಕೆಳಗಡೆ ಕಪ್ಪು ಬಟ್ಟೇನೇ." ಅವಳ ದನಿ ಸಣ್ಣದಾಯಿತು. "ಅವನು ಹರಿದದ್ದು ಯಾರಿಗೆ ಕಾಣಬೇಕು?"

ಸಿನಿಮಾದ ಪರವಾಗಿ ಹತ್ತು ಸಾವಿರ ವಾದ ಗೆದ್ದವನು ನಾನು. ಅಲ್ಲಿ ಸೋತೆ. ಸೋತದ್ದನ್ನೂ ಹೆಮ್ಮೆಯಿಂದಲೇ ಹೇಳುತ್ತೇನೆ: ಅಷ್ಟು ಒಳ್ಳೆಯ ಮಾತಿಗೆ ಸೋಲಲು ಯೋಗ್ಯತೆ ಬೇಕು.

ಕಿಂಡಿಯ ಕಡೆ ಕೈ ತೋರಿಸಿದೆ. "ಇಲ್ಲಿಂದ ನಿಮ್ಮ ಸೀಟು ಕಾಣುತ್ತೆ."

ಅವಳು ಬಗ್ಗಿ ನೋಡಿದಳು.

"ಬೆಲ್ ಕೇಳಿ ನೀವು ಅಂಗಡಿ ಬಾಗಿಲು ಹಾಕಿ ಬರೋದಕ್ಕೆ ಏಳು ನಿಮಿಷ ಬೇಕು. ಆ ಸೀಟು ತುಂಬದೆ ನಾನು ಒಂದು ದಿನವೂ ಸ್ವಿಚ್ ಒತ್ತಿಲ್ಲ. ಮಾವ ಬೈದ, ಊರು ಬೈತು, ನೀವೂ ಬೈದಿರಿ."

ಅವಳು ಬಗ್ಗಿದ್ದವಳು ಹಾಗೇ ಇದ್ದಳು. ಕಿಂಡಿಯ ಬೆಳಕಿನಲ್ಲಿ ಅವಳ ಕಿವಿ ಕೆಂಪಾಗುತ್ತ ಹೋಯಿತು.

"ಇದನ್ನ ಯಾಕ್ರೀ ಹೇಳಲಿಲ್ಲ?"

"ಕಾಣುತ್ತೆ ಅಂದುಕೊಂಡಿದ್ದೆ."

ತಿರುಗಿ ನನ್ನನ್ನು ನೋಡಿದಳು. ನಗು ತುಟಿಯ ತುದಿಯಲ್ಲಿ ಗುಂಡಿಗೆ ಕಾಜಾ ಹಾಕಿದ ಹಾಗೆ ಬಿಗಿಯಾಗಿ ನಿಂತಿತ್ತು. "ನಿನ್ನೆ ಒಂದು ಪ್ರಶ್ನೆ ಕೇಳಿದ್ದೆ."

"ಹೋಗಬೇಡ," ಎಂದೆ. "ಇಲ್ಲೇ ಇರು. ನನ್ನ ಜೊತೆ."

"ಕೇಳಿಸಲಿಲ್ಲ."

ಕಿಂಡಿಗೆ ಬಾಯಿಟ್ಟು ಕೂಗಿದೆ: "ಟೈಲರಮ್ಮ ಎಲ್ಲಿಗೂ ಹೋಗಬಾರದು! ನನ್ನನ್ನ ಮದುವೆ ಆಗಬೇಕು!"

ಏಳು ಊರಿಗೆ ಕೇಳಿಸಿರಬೇಕು. ಹೊರಗೆ ಹೊರಟಿದ್ದ ಜನ ನಿಂತರು. ಕೆಳಗಿನಿಂದ ಹಲ್ಲಿನ ಡಾಕ್ಟರ ದನಿ ಬಂತು: "ಬಿಟ್ಟನಪ್ಪಾ ಬಾಯಿ! ಅದೂ ನನ್ನ ಕುರ್ಚಿ ಇಲ್ಲದೆ!"

"ಇಷ್ಟು ಗಟ್ಟಿಯಾಗಿ ಬೇಕಿರಲಿಲ್ಲ," ಎಂದಳು ಅವಳು, ನನ್ನ ಅಂಗಿಯನ್ನು ಹಿಡಿದೆಳೆದು ಗುಂಡಿ ಹೊಲಿಯತೊಡಗುತ್ತ. "ಅಲುಗಾಡಬೇಡ. ಅಕ್ಕನಿಗೆ ಬರಲ್ಲ ಅಂತ ತಿಳಿಸಬೇಕು, ಬೇಗ ಮುಗಿಸ್ತೀನಿ."

ಆ ಸಿನಿಮಾ ಇವತ್ತಿಗೂ ಪ್ರತಿ ಭಾನುವಾರ ಇದೆ. ಹೀರೋ ಬಾಯಿ ಬಿಡಬೇಕಿತ್ತು ಎಂದು ಅವಳು ಇವತ್ತಿಗೂ ಅನ್ನುತ್ತಾಳೆ, ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಬಂದು ನೋಡಿ, ನಮ್ಮ ಟಾಕೀಸಿನಲ್ಲಿ ಈಗ ಆಟ ಸೆಕೆಂಡೂ ತಪ್ಪದೆ ಶುರುವಾಗುತ್ತದೆ. ಪ್ರಪಂಚದ ಗಡಿಯಾರಗಳೆಲ್ಲ ನಮ್ಮನ್ನು ನೋಡಿಯೇ ಸರಿಮಾಡಿಕೊಳ್ಳುತ್ತವೆ. ಮೂರನೇ ಸಾಲಿನ ಮೂಲೆ ಸೀಟು ಖಾಲಿ ಇದ್ದರೂ ನಾನು ಕಾಯುವುದಿಲ್ಲ. ಸ್ವಿಚ್ ಒತ್ತುವುದೇ ಅವಳು.