ಎರಡೂ ಕಡೆ ನಡೆಯುವ ಡ್ರೈವ್

ಹಾರ್ಡ್ ಡ್ರೈವ್ ಹಿಡಿದುಕೊಂಡು ಅವನು ಬಾಗಿಲಲ್ಲಿ ನಿಂತಿದ್ದು ಕಂಡಾಗಲೇ ನನಗೆ ಮೈ ಉರಿಯಿತು. ಮತ್ತೆ ಯಾರದೋ ಮದುವೆ ವಿಡಿಯೊಗೆ ಗತಿ ಕಾಣಿಸಿದ್ದಾನೆ ಅಂದುಕೊಂಡೆ.

"ಇಜೆಕ್ಟ್ ಮಾಡ್ದೆ ಕಿತ್ರಾ?"

"ಇಲ್ಲ ಎಡಿಟರಮ್ಮ. ಈ ಸಲ ನಂದೇನೂ ತಪ್ಪಿಲ್ಲ."

"ಮತ್ಯಾಕೆ ಮುಖ ಹಾಗಿದೆ?"

ಅವನು ನಗಲು ನೋಡಿದ, ಆಗಲಿಲ್ಲ.

ಅವನು ಕ್ಯಾಮೆರಾದವನು. ಅವನು ಮದುವೆಗಳನ್ನು ಶೂಟ್ ಮಾಡಿ ತರುತ್ತಾನೆ, ನಾನು ಈ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕತ್ತರಿಸಿ ಜೋಡಿಸುತ್ತೇನೆ. ಸ್ಟುಡಿಯೊ ಅವನ ಅಕ್ಕನದು. ಅವನದು ಮ್ಯಾಕ್, ನನ್ನದು ವಿಂಡೋಸ್. ಎರಡರಲ್ಲೂ ನಡೆಯಲಿ ಎಂದು, ಡ್ರೈವ್ ಹೊಸದಾಗಿದ್ದಾಗ ನಾನೇ ಅದನ್ನು ಎಕ್ಸ್‌ಫ್ಯಾಟ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಟ್ಟಿದ್ದೆ. ಅದರದ್ದೊಂದು ರಗಳೆ: ಇಜೆಕ್ಟ್ ಮಾಡದೆ, ಅಂದರೆ ಕಂಪ್ಯೂಟರಿಗೆ ಮೊದಲು ತಿಳಿಸದೆ, ಕೇಬಲ್ ಕಿತ್ತರೆ ಫೈಲು ಕೆಡಬಹುದು. ಇವನು ಕೀಳುತ್ತಲೇ ಇದ್ದ. ನಾನು ಬೈಯುತ್ತಾ ಸರಿಮಾಡುತ್ತಿದ್ದೆ, ಅವನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ನಿಜ ಹೇಳಬೇಕೆಂದರೆ, ಹಾಗೆ ಬೈಯುವುದಕ್ಕೆ ನಾನು ವಾರವೆಲ್ಲ ಕಾಯುತ್ತಿದ್ದೆ.

"ಫಾರ್ಮ್ಯಾಟ್ ಬದಲಾಯಿಸ್ಬೇಕಿತ್ತು. ಮ್ಯಾಕ್‌ದು ಮಾಡ್ಕೊಡಿ," ಅಂದ.

"ಆಮೇಲೆ ನನ್ನ ಕಂಪ್ಯೂಟರಲ್ಲಿ ತೆರೆಯಲ್ಲ. ಗೊತ್ತಲ್ವಾ?"

"ಗೊತ್ತು. ಮದುವೆ ಆದ್ಮೇಲೆ ಮಾವನ ಸ್ಟುಡಿಯೊದಲ್ಲೇ ಕೆಲಸ. ಅಲ್ಲೆಲ್ಲ ಮ್ಯಾಕೇ."

ಅವನ ಮದುವೆ ನಿಶ್ಚಯವಾಗಿದ್ದು ನನಗೆ ಹೊಸ ಸುದ್ದಿಯಲ್ಲ. ಅಕ್ಕನೇ ಹುಡುಗಿಯ ಫೋಟೊ ತಂದು ತೋರಿಸಿ, ಹೇಗಿದ್ದಾಳೆ ಎಂದು ಕೇಳಿದ್ದರು. ಚೆನ್ನಾಗಿದ್ದಾಳೆ ಎಂದಿದ್ದೆ. ಚೆನ್ನಾಗಿಯೇ ಇದ್ದಳು, ಹಾಳಾದವಳು. ಆದರೂ ಡ್ರೈವ್ ಬರುತ್ತಿರುತ್ತದೆ, ಅದರ ಜೊತೆ ಇವನೂ ಬರುತ್ತಿರುತ್ತಾನೆ ಎಂದು ಹುಚ್ಚು ಆಸೆ ಇಟ್ಟುಕೊಂಡಿದ್ದೆ. ಅಷ್ಟೇ ಸಾಕಿತ್ತು ನನಗೆ.

ಒಳಗಿರುವುದನ್ನು ಹಾಗೇ ಇಟ್ಟುಕೊಂಡು ಈ ಬದಲಾವಣೆ ಮಾಡಲು ಬರುವುದಿಲ್ಲ. ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿ, ಡ್ರೈವ್ ಅಳಿಸಿ, ಮತ್ತೆ ತುಂಬಬೇಕು. ಸ್ಟುಡಿಯೊದ ಇನ್ನೊಂದು ಡ್ರೈವ್‌ಗೆ ಕಾಪಿ ಹಾಕಿದೆ. ಹಸಿರು ಗೆರೆ ತೆವಳತೊಡಗಿತು. ಅವನು ಸ್ಟೂಲ್ ಎಳೆದುಕೊಂಡ.

ಇಬ್ಬರೂ ಮೌಸ್ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು, ಅದರಲ್ಲಿ ನಾವಿಬ್ಬರೂ ಪಕ್ಕಪಕ್ಕ ಕಂಡೆವು. ಅವನು ನನ್ನನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದೆ ಎಂದು ಗೊತ್ತಾದಾಗ ಕಣ್ಣು ತಗ್ಗಿಸಿದ, ಮತ್ತೆ ಮೆಲ್ಲಗೆ ಎತ್ತಿದ.

"ಮೌಸ್ ಅಲ್ಲಾಡಿಸ್ಲಾ?" ಅಂದೆ.

"ಬೇಡ. ಹೀಗೇ ಇರ್ಲಿ ಸ್ವಲ್ಪ ಹೊತ್ತು."

"ಎಕ್ಸ್‌ಫ್ಯಾಟೇ ಇರ್ಲಿ ಬಿಡಿ," ಅಂದೆ. "ಅಲ್ಲೂ ನಡೆಯುತ್ತೆ. ಕೆಟ್ರೆ ತನ್ನಿ, ನಾನಿದೀನಿ. ಬಂದು ಹೋಗ್ತಾ ಇರಿ."

"ಬಂದ್ರೆ ಹೋಗಕ್ಕಾಗಲ್ಲ ನನಗೆ."

ಅವನು ಡ್ರೈವಿನ ಕೇಬಲ್ ಕಡೆ ನೋಡಿದ.

"ಕೇಬಲ್ ಯಾಕೆ ಕೀಳ್ತಿದ್ದೆ ಅಂದ್ಕೊಂಡ್ರಿ? ಅಷ್ಟು ದಡ್ಡನಾ ನಾನು?"

"ಜನರ ಮದುವೆ ವಿಡಿಯೊ ಹಾಳು ಮಾಡ್ಕೊಂಡಾ?"

"ಕ್ಯಾಮೆರಾ ಕಾರ್ಡಲ್ಲಿ ಎಲ್ಲದರ ಕಾಪಿ ಇಟ್ಕೊಂಡೇ ಕೀಳ್ತಿದ್ದೆ."

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಅಕ್ಕಂಗೆ ಹೇಳ್ಬಾರ್ದಿತ್ತಾ?"

"ಹೇಳ್ದೆ. ಮಾತು ಕೊಟ್ಟಾಗಿದೆ ಕಣೋ ಅಂದ್ಲು. ನನ್ನ ಸಾಕಿ ದೊಡ್ಡೋನ್ ಮಾಡಿದ್ದೇ ಅವಳು. ಅವಳ ಮುಖ ನೋಡಿ ಹ್ಞೂಂ ಅಂದ್ಬಿಟ್ಟೆ."

ನನಗೆ ಸಿಟ್ಟು ಬಂದದ್ದು ಅಕ್ಕನ ಮೇಲಲ್ಲ, ಇವನ ಮೇಲೆ. ಹ್ಞೂಂ ಅನ್ನುವ ಮೊದಲು ಒಮ್ಮೆ ಈ ಕೋಣೆಗೆ ಬಂದು ನನ್ನ ಮುಖವನ್ನೂ ನೋಡಬಾರದಿತ್ತೇ? ಅವನ ಎದುರಿಗೇ ಅತ್ತುಬಿಟ್ಟೆ. ಅವನು ಕೈ ಎತ್ತಿದ, ನನ್ನ ಭುಜದ ತನಕ ತಂದು ಮತ್ತೆ ಮಡಿಲಲ್ಲಿ ಇಟ್ಟುಕೊಂಡ.

ಕಾಪಿ ಮುಗಿಯಿತು. ಡ್ರೈವನ್ನು ಅವನ ಲ್ಯಾಪ್‌ಟಾಪ್‌ಗೆ ಚುಚ್ಚಿ ಮ್ಯಾಕ್‌ನ ಫಾರ್ಮ್ಯಾಟ್ ಆರಿಸಿದೆ. ಎಲ್ಲ ಅಳಿಸಲೇ ಎಂದು ಕೇಳಿತು. ಅವನ ಬೆರಳು ಮುಂದೆ ಬರಲಿಲ್ಲ. ನಾನೇ ಒತ್ತಿದೆ. ಆಮೇಲೆ ಎಲ್ಲವನ್ನೂ ಮತ್ತೆ ತುಂಬಿಕೊಟ್ಟೆ.

ಅಭ್ಯಾಸಬಲದಿಂದ ನಾನು ಅವನ ಕೈ ನೋಡುತ್ತಿದ್ದೆ. ಅದು ಕೇಬಲ್‌ನತ್ತ ಹೋಗಲಿಲ್ಲ. ಇಜೆಕ್ಟ್ ಒತ್ತಿ, ಡ್ರೈವಿನ ಗುರುತು ಪರದೆಯಿಂದ ಹೋಗುವವರೆಗೆ ಕಾದು, ಆಮೇಲೆ ಮೆಲ್ಲಗೆ ಕೇಬಲ್ ತೆಗೆದ.

"ಸರಿಯಾಯ್ತಾ, ಎಡಿಟರಮ್ಮ?"

"ಸರಿಯಾಯ್ತು," ಅಂದೆ. ಬೈಯುವುದಕ್ಕೆ ಏನೂ ಉಳಿದಿರಲಿಲ್ಲ.