ಮೂರನೇ ಲೈನು

2006ರ ನವೆಂಬರ್ 15, ಬೆಳಿಗ್ಗೆ 10.20. ಕುರುಗೋಡು ಹತ್ತಿರದ ಬಾದನಹಟ್ಟಿಯ ಎರ್ರಣ್ಣ ಬಳ್ಳಾರಿಯ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ಮೆಣಸಿನಕಾಯಿ ಹೊಲದಲ್ಲಿ ಹೆಂಡತಿ ಪಕ್ಕೀರಮ್ಮನಿಗೆ ಹಾವು ಕಚ್ಚಿತ್ತು. ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರ ಆಂಬುಲೆನ್ಸ್ ನಂಬರಿಗೆ ಆತ ಅರ್ಧ ಗಂಟೆಯಲ್ಲಿ ಆರು ಸಲ ಫೋನ್ ಮಾಡಿದ್ದ. ಯಾರೂ ಎತ್ತಲಿಲ್ಲ. ಕೊನೆಗೆ ಟ್ರ್ಯಾಕ್ಟರಿನಲ್ಲಿ ಹೊರಟಾಗ ದಾರಿಯಲ್ಲೇ ಜೀವ ಹೋಗಿತ್ತು.

"ಮೊದಲೇ ಯಾಕ ಹೊರಡಲಿಲ್ಲ?" ಇನ್‌ಸ್ಪೆಕ್ಟರ್ ಹುಲಿಗೇಶ್ ಕೇಳಿದರು.

"ಎಂಗೇಜ್ ಬಂದಿದ್ರ ಹೊಂಟ್‌ಬಿಡ್ತಿದ್ನಿರಿ. ರಿಂಗ್ ಆಗ್ತಿತ್ತು. ಈಗ ಎತ್ತತಾರ, ಈಗ ಎತ್ತತಾರ ಅಂತ ನಿಂತೆ."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಹುಲಿಗೇಶ್, ಕಾನ್‌ಸ್ಟೆಬಲ್ ಶಶಿರೇಖಾ ಆಸ್ಪತ್ರೆಗೆ ಹೋದರು. ಟೆಲಿಫೋನ್ ಕೋಣೆಯಲ್ಲಿ ಮೂರು ಫೋನು, ಹದಿನಾರು ವರ್ಷ ಸರ್ವೀಸಿನ ಒಬ್ಬಳೇ ಆಪರೇಟರ್ ದಾಕ್ಷಾಯಣಿ. ಎರ್ರಣ್ಣ ಫೋನ್ ಮಾಡಿದ ಹೊತ್ತಿನಲ್ಲಿ ಒಂದು ಫೋನಿನಲ್ಲಿ ಸಿರುಗುಪ್ಪದ ಅಪಘಾತ, ಇನ್ನೊಂದರಲ್ಲಿ ತೆಕ್ಕಲಕೋಟೆಯ ಹೆರಿಗೆ ಎಂದು ರಿಜಿಸ್ಟರಿನಲ್ಲಿತ್ತು. ಎರಡು ಆಂಬುಲೆನ್ಸ್ ಅತ್ತ ಹೋಗಿದ್ದರೂ ಮೂರನೇ ಗಾಡಿ ಆವರಣದಲ್ಲೇ ನಿಂತಿತ್ತು. ಶಶಿರೇಖಾ ಮೇಜಿನಡಿ ಬಗ್ಗಿ ನೋಡಿದರು. ಮೂರನೇ ಫೋನಿನ ವೈರು ಗೋಡೆಯಿಂದ ಕಿತ್ತು ಬಂದಿತ್ತು.

ಎಕ್ಸ್‌ಚೇಂಜಿನ ಲೈನ್‌ಮನ್ ಜಂಬುನಾಥನನ್ನು ಕರೆಸಿದರು.

"ಮಂದಿಗೆ ಗೊತ್ತಿರೋ ನಂಬರ್ ಒಂದೇ ಸರ್. ಮೊದಲನೇ ಲೈನ್ ಎಂಗೇಜ್ ಇದ್ರ ಎಕ್ಸ್‌ಚೇಂಜು ಎರಡನೇದಕ್ಕ ಕಳಸ್ತೈತಿ, ಅದೂ ಎಂಗೇಜ್ ಇದ್ರ ಮೂರನೇದಕ್ಕ. ಹಂಟಿಂಗ್ ಅಂತೀವಿ."

"ವೈರ್ ಕಿತ್ತಿದ್ರ?"

"ಎಕ್ಸ್‌ಚೇಂಜಿಗೆ ಗೊತ್ತಾಗಂಗಿಲ್ಲ. ಲೈನ್ ಖಾಲಿ ಐತಿ ಅಂತ ಕಳಸ್ತೈತಿ. ಮಾಡಿದವರಿಗೆ ರಿಂಗ್ ಕೇಳ್ತೈತಿ, ಇಲ್ಲಿ ಏನೂ ಬಡಿಯಂಗಿಲ್ಲ."

ದಾಕ್ಷಾಯಣಿ ಜಂಬುನಾಥನತ್ತ ತಿರುಗಿದಳು. "ಕಿತ್ತರ ಎಂಗೇಜ್ ಬರ್ತೈತಿ ಅಂದ್ಕಂಡಿದ್ನಿರಿ. ಬ್ಯಾರೆ ದವಾಖಾನಿಗೆ ಮಾಡ್ತಾರ ಅಂತ."

"ನೀವೇ ಕಿತ್ತಿದ್ದಾ? ಯಾಕ?"

"ಮೂರು ಮಂದಿ ಇದ್ವಿ, ಇಬ್ಬರನ್ನ ಕೆಲಸದಿಂದ ಬಿಡಿಸಿದ್ರು. ಎರಡು ಕಿವಿಗೂ ಫೋನ್ ಹಿಡದಾಗ ಮೂರನೇದು ಬಡಕಂತಿತ್ತು. ಯಾರೋ ಸಾಯಾಕತ್ಯಾರ ಅನಸೋದು, ಎತ್ತಾಕ ಕೈ ಇಲ್ಲ. ಕೇಳಾಕ ಆಗಲಿಲ್ಲ ಸರ್."

ಇಬ್ಬರನ್ನು ಬಿಡಿಸಿದ ಆಡಳಿತಾಧಿಕಾರಿಗೆ ನೋಟಿಸ್ ಕೊಡಲು ಹೋದರೆ ಆತ ಊರಲ್ಲಿರಲಿಲ್ಲ. ಇಂಥ ಹೊತ್ತಿನಲ್ಲಿ ದೊಡ್ಡವರು ಊರಲ್ಲಿರುವುದು ಕಡಿಮೆಯೇ. ಸಂಕಟ ತಾಳದೆ ವೈರು ಕಿತ್ತವಳು ಕೈಗೆ ಸಿಕ್ಕಿದಳು. 1.30ಕ್ಕೆ ಪಂಚನಾಮೆ ಮುಗಿಸಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದಳೆಂದು ಐಪಿಸಿ 304-ಎ ಅಡಿ ಬಂಧಿಸಿದರು. ಹುಲಿಗೇಶ್‌ಗೆ ಆ ಕಾಗದಕ್ಕೆ ಸಹಿ ಹಾಕಲು ಮನಸ್ಸೇ ಇರಲಿಲ್ಲ.

ಜಂಬುನಾಥ ವೈರು ಜೋಡಿಸಿದ. ಸ್ವಲ್ಪ ಹೊತ್ತಿಗೆ ಫೋನು ಬಡಿಯಿತು. ಎತ್ತಿಕೊಂಡ ಶಶಿರೇಖಾಗೆ ಆ ಕಡೆ ಬರೀ ಅಳು ಕೇಳಿಸಿತು, ಏನು ಕೇಳಬೇಕೋ ತಿಳಿಯಲಿಲ್ಲ. ಬಾಗಿಲು ದಾಟುತ್ತಿದ್ದ ದಾಕ್ಷಾಯಣಿ ತಿರುಗಿ ನಿಂತಳು.

"ಊರು ಕೇಳವ್ವ ಮೊದಲು. ಹೆಸರು ಆಮ್ಯಾಲ."

"ಕೊಳಗಲ್ಲು ಅಂತ."

"ಗಾಡಿ ಹೊಂಟೈತಿ, ರೋಡಿಗೆ ಬಂದು ನಿಂದರ್ರಿ ಅಂತ ಹೇಳು."

ಗಾಡಿ ಗೇಟು ದಾಟುವವರೆಗೂ ಹುಲಿಗೇಶ್ ಆಕೆಯನ್ನು ಜೀಪು ಹತ್ತಿಸಲಿಲ್ಲ.